ಕೋವಿ ಎಲ್ಲಿಡುವುದು? ಬೀರು, ಕಬ್ಬಿಣದ ಪೆಟ್ಟಿಗೆ, ಕೇಬಲ್ ಬೀಗ, ಅಂಗಡಿಯ ಠೇವಣಿ

ನಮ್ಮ ದೊಡ್ಡಪ್ಪನ ಮಗ ಮದುವೆಗೆಂದು ಮೈಸೂರಿಗೆ ಹೋಗಿ ಮೂರನೇ ದಿನ ವಾಪಸು ಬಂದಾಗ ಹಿಂದಿನ ಬಾಗಿಲು ತೆರೆದಿತ್ತು. ಬೀರುವಿನ ಮೇಲೆ ಒಂದು ಗೀರೂ ಇಲ್ಲ. ಅಡುಗೆಮನೆಯಲ್ಲಿ ಉಪ್ಪಿನಕಾಯಿ ಭರಣಿಯ ಹಿಂದೆ ಇಡುತ್ತಿದ್ದ ಕೀಲಿಯನ್ನೇ ತೆಗೆದು, ನಿಧಾನವಾಗಿ ತೆರೆದು, ಕಾಫಿ ಮಾರಿದ ದುಡ್ಡು, ಅತ್ತಿಗೆಯ ಎರಡು ಬಳೆ, ಜೋಡಿ ನಳಿಗೆಯ ಕೋವಿ ಮೂರನ್ನೂ ಒಯ್ದಿದ್ದರು. ದುಡ್ಡು, ಬಳೆಯ ವಿಚಾರ ಒಂದು ದೂರಿನಲ್ಲಿ ಮುಗಿಯಿತು. ಕೋವಿಯದ್ದು ಮುಗಿಯಲಿಲ್ಲ. ಎಲ್ಲಿ ಇಟ್ಟಿದ್ದಿರಿ, ಯಾರಿಗೆಲ್ಲ ಗೊತ್ತಿತ್ತು, ತೋಟಾ ಎಷ್ಟಿತ್ತು ಎಂಬ ಅದೇ ಪ್ರಶ್ನೆಗಳಿಗೆ ಅಣ್ಣ ಒಂದು ವರ್ಷ ಉತ್ತರ ಹೇಳಿದರು. ಕೊನೆಗೆ ಅದು ಒಂದು ತೋಡಿನಲ್ಲಿ ತುಕ್ಕು ಹಿಡಿದು ಸಿಕ್ಕಿತು.

ಕೊಡಗಿನವರಿಗೆ ಇದು ಬರೀ ವಸ್ತು ಕಳೆದುಕೊಂಡ ಕತೆಯಲ್ಲ. 1861ರಿಂದ ಕೊಡವರಿಗೆ, ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೆ ಪರವಾನಗಿ ಇಲ್ಲದೆ ಕೋವಿ ಇಟ್ಟುಕೊಳ್ಳುವ ವಿನಾಯಿತಿ ಇದೆ. 1959ರ ಆಯುಧ ಕಾಯ್ದೆಯಡಿಯೂ ಅದು ಮುಂದುವರಿಯಿತು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರ ಅಕ್ಟೋಬರ್ 31ರವರೆಗೆ ವಿಸ್ತರಿಸಿತು, 2021ರಲ್ಲಿ ರಾಜ್ಯ ಹೈಕೋರ್ಟ್ ಎತ್ತಿಹಿಡಿಯಿತು. ನಮ್ಮ ಮನೆಗಳಿಂದ ಕದ್ದ ಕೋವಿ ನಾಳೆ ಬೇರೆಲ್ಲೋ ಸಿಡಿದರೆ, ಈ ವಿನಾಯಿತಿ ಬೇಡ ಎನ್ನುವವರಿಗೆ ಅದಕ್ಕಿಂತ ದೊಡ್ಡ ವಾದ ಬೇಕಿಲ್ಲ. ಹಾಗಾಗಿ ಅಣ್ಣನ ಪಾಡು ನೋಡಿದ ಮೇಲೆ ಮೂರು ವರ್ಷ ನಾನು ಒಂದೊಂದನ್ನೇ ಕೊಂಡು, ಮಾಡಿಸಿ, ಒಡೆಸಿ ನೋಡಿದೆ. ನನ್ನದು 12 ಬೋರಿನ ಜೋಡಿ ನಳಿಗೆ, ಅಜ್ಜನ ಕಾಲದ್ದು.

ಮೊದಲು ಬೀರು. ನಮ್ಮ ಊರಿನ ಹತ್ತು ಮನೆಗಳಲ್ಲಿ ಎಂಟರಲ್ಲಿ ಕೋವಿ ಇರುವುದು ಅಲ್ಲೇ, ಸೀರೆಗಳ ಹಿಂದೆ. ಸಾಮಾನ್ಯ ಬೀರುವಿನ ತಗಡು ಒಂದು ಮಿಲಿಮೀಟರ್ ಕೂಡ ಇರುವುದಿಲ್ಲ. ಗುಜರಿಗೆ ಹಾಕಬೇಕಿದ್ದ ಹಳೆಯದೊಂದನ್ನು ಅಂಗಳಕ್ಕೆ ಎಳೆಸಿ, ಬೀಗ ಹಾಕಿ, ಮೇಸ್ತ್ರಿಯ ಕೈಗೆ ಹಾರೆ ಕೊಟ್ಟೆ. "ಸಾರ್, ನಿಜವಾಗ್ಲೂ ಒಡೀಲಾ?" ಎಂದು ಕೇಳಲು ತೆಗೆದುಕೊಂಡ ಹೊತ್ತೇ ಹೆಚ್ಚು, ನಲವತ್ತು ಸೆಕೆಂಡಿನಲ್ಲಿ ಬಾಗಿಲು ಹಪ್ಪಳದ ಹಾಗೆ ಮಡಚಿಕೊಂಡಿತು. ಅದಕ್ಕಿಂತ ಮುಖ್ಯ ಇನ್ನೊಂದಿದೆ. ಮನೆಗೆ ನುಗ್ಗಿದವನು ಮೊದಲು ಕೈಹಾಕುವುದೇ ಬೀರುವಿಗೆ. ಚಿನ್ನ ಹುಡುಕುವವನಿಗೆ ಕೋವಿ ಪುಕ್ಕಟೆಯಾಗಿ ಸಿಗುತ್ತದೆ. ಚಿನ್ನ ಮತ್ತು ಕೋವಿ ಒಂದೇ ಬಾಗಿಲಿನ ಹಿಂದೆ ಇರಬಾರದು ಎನ್ನುವುದು ಆವತ್ತು ಅಂಗಳದಲ್ಲೇ ನಿರ್ಧಾರವಾಯಿತು.

ಎರಡನೆಯದು 650 ರೂಪಾಯಿಯ ಕೇಬಲ್ ಬೀಗ. ಕೋವಿಯನ್ನು ಮುರಿದು, ಎಂದರೆ ನಳಿಗೆ ಬಗ್ಗಿಸಿ ತೆರೆದು, ಕೇಬಲನ್ನು ನಳಿಗೆಯೊಳಗೆ ತೂರಿಸಿ ಬೀಗ ಹಾಕಿದರೆ ಕೋವಿ ಮುಚ್ಚಿಕೊಳ್ಳುವುದಿಲ್ಲ, ಆ ನಳಿಗೆಗೆ ತೋಟಾ ಹಾಕಲೂ ಆಗುವುದಿಲ್ಲ. ಟ್ರಿಗರಿಗೆ ಕಚ್ಚಿಸುವ ಬೀಗವೂ ಬರುತ್ತದೆ. ನನಗೆ ಅದು ಹಿಡಿಸಲಿಲ್ಲ, ಒಳಗೆ ತೋಟಾ ಇದ್ದರೂ ಹಾಕಬಹುದಲ್ಲ. ಮೊಮ್ಮಕ್ಕಳು ರಜೆಗೆ ಬರುವ ಮನೆಯಲ್ಲಿ ಕೇಬಲ್ ಬೀಗ ಇರಲೇಬೇಕು. ಆದರೆ ಕಳ್ಳನಿಗೆ ಅದರಿಂದ ಏನೂ ಆಗುವುದಿಲ್ಲ. ಕೋವಿಯನ್ನು ಕೇಬಲಿನ ಸಮೇತ ಹೊತ್ತು, ತನ್ನ ಮನೆಯಲ್ಲಿ ಕಾಫಿ ಕುಡಿಯುತ್ತ ಕತ್ತರಿಸಿಕೊಳ್ಳುತ್ತಾನೆ.

ಮೂರನೆಯದನ್ನು ಬೆಂಗಳೂರಿನಲ್ಲಿರುವ ಮಗ ಆನ್‌ಲೈನಿನಲ್ಲಿ ತರಿಸಿಕೊಟ್ಟ: ಅಂಕಿ ಒತ್ತಿದರೆ ತೆರೆಯುವ ಡಿಜಿಟಲ್ ಲಾಕರ್, ಏಳು ಸಾವಿರ. ಚಂದದ ಪೆಟ್ಟಿಗೆ, ಆದರೆ ಅಗಲ ಹದಿನೇಳು ಇಂಚು. ನಳಿಗೆಯೇ ಮೂವತ್ತು ಇಂಚು! "ಅಪ್ಪ, ಅಳತೆ ನೋಡ್ಲಿಲ್ಲ" ಎಂದ. ನಾನೂ ನೋಡಿರಲಿಲ್ಲ. ಆಷಾಢದಲ್ಲಿ ಅದರ ಬ್ಯಾಟರಿ ಸತ್ತು, ಪೆಟ್ಟಿಗೆಯ ಜೊತೆ ಕೊಟ್ಟಿದ್ದ ತುರ್ತು ಕೀಲಿ ಹುಡುಕಿದರೆ ಅದು ಪೆಟ್ಟಿಗೆಯ ಒಳಗೇ ಇತ್ತು. ಕಂಪನಿಯವರಿಗೆ ಫೋನು ಮಾಡಿ ಸಾಕಾಗಿ, ಕೊನೆಗೆ ಹೊರಗಿನಿಂದ ಬ್ಯಾಟರಿ ಮುಟ್ಟಿಸಲು ಜಾಗವಿದೆ ಎಂದು ಮಗನೇ ಕಂಡುಹಿಡಿದ. ಬಿಸಾಡಬೇಕೆಂದಿದ್ದೆ. ಬಿಸಾಡದೆ ಇದ್ದದ್ದು ಒಳ್ಳೆಯದಾಯಿತು, ಆ ಮಾತು ಮುಂದೆ ಬರುತ್ತದೆ.

ನಾಲ್ಕನೆಯದರಲ್ಲಿ ನಾನು ಹೆಚ್ಚು ಹೊತ್ತು ಕಳೆದೆ. ಪೇಟೆಯ ವೆಲ್ಡಿಂಗ್ ಅಂಗಡಿಯಲ್ಲಿ ಮೂರು ಮಿಲಿಮೀಟರ್ ತಗಡಿನ, ಐದಡಿ ಎತ್ತರದ ಪೆಟ್ಟಿಗೆ ಮಾಡಿಸಿದೆ. 11,500 ರೂಪಾಯಿ, ತೂಕ ಅರವತ್ತು ಕಿಲೋ ದಾಟಿತ್ತು. ಮೊದಲ ಸಲ ಮಾಡಿಕೊಟ್ಟದ್ದರಲ್ಲಿ ಮೂರು ತಪ್ಪಿದ್ದವು. ಹೊರಗೆ ಕೊಂಡಿ ಬೆಸೆದು ನೇತುಬೀಗ ಹಾಕಿದ್ದರು, ಆಕ್ಸಾ ಬ್ಲೇಡು ಸಾಕು. ಬಾಗಿಲ ತಿರುಗಣೆಗಳು ಹೊರಗಿದ್ದವು. ಅವನ್ನು ಕತ್ತರಿಸಿದರೆ ಬೀಗ ಹಾಕಿದ್ದರೂ ಬಾಗಿಲು ಆ ಕಡೆಯಿಂದ ಕಳಚಿ ಬರುತ್ತಿತ್ತು. ಬಾಗಿಲ ಅಂಚಿಗೂ ಚೌಕಟ್ಟಿಗೂ ನಡುವೆ ಹಾರೆಯ ಮೂತಿ ಹೋಗುವಷ್ಟು ಸಂದು ಇತ್ತು. ವಾಪಸು ಒಯ್ದು, ಬೀಗವನ್ನು ಒಳಗೆ ಕೂರಿಸಿ, ತಿರುಗಣೆ ಕಡೆ ಬಾಗಿಲ ಒಳಗೆ ಎರಡು ಕಬ್ಬಿಣದ ಗೂಟ ಬೆಸೆಸಿ, ಸಂದಿಗೆ ಪಟ್ಟಿ ಹೊಡೆಸಿದೆ. ಅಂಗಡಿಯ ಹುಡುಗನಿಗೇ ಒಡೆಯಲು ಹೇಳಿದರೆ ಹಾರೆಯಲ್ಲಿ ಕಾಲು ಗಂಟೆ ಗುದ್ದಾಡಿ ಕೈಬಿಟ್ಟ. ಕಬ್ಬಿಣ ಕತ್ತರಿಸುವ ಗ್ರೈಂಡರಿಗೆ ಮಾತ್ರ ನಾಲ್ಕು ನಿಮಿಷ ಎಂದು ನಕ್ಕ. ಗ್ರೈಂಡರು ತಂದವನ ಮುಂದೆ ಮನೆಯಲ್ಲಿ ಮಾಡಿಸಿದ ಯಾವ ಪೆಟ್ಟಿಗೆಯೂ ನಿಲ್ಲುವುದಿಲ್ಲ. ಆದರೆ ಆ ಸದ್ದಿಗೆ ತೋಟದ ಕೆಲಸಗಾರರ ಲೈನ್ ಮನೆಯವರು ಏಳುತ್ತಾರೆ, ನಾಯಿಗಳಂತೂ ಸರಿಯೇ.

ಅರವತ್ತು ಕಿಲೋ ಎಂದರೆ ಕಾಫಿ ಮೂಟೆಯಷ್ಟು ಭಾರ. ಇಬ್ಬರು ಪೆಟ್ಟಿಗೆಯನ್ನೇ ಎತ್ತಿ ಜೀಪಿಗೆ ಹಾಕಬಹುದು. ಗೋಡೆಗೆ ಕಚ್ಚಿಸದಿದ್ದರೆ ದುಡ್ಡು ದಂಡ. ನಮ್ಮದು ಹಳೆಯ ಮನೆ, ಮಣ್ಣಿನ ಗೋಡೆ. ರಂಧ್ರ ಕೊರೆದು ಆ್ಯಂಕರ್ ಬೋಲ್ಟ್ ಬಿಗಿದರೆ ಮೂರನೇ ಸುತ್ತಿಗೇ ಮಣ್ಣು ಉದುರಿ ಬೋಲ್ಟು ಕೈಗೆ ಬಂತು. ಗೋಡೆಯ ಆಚೆ ಬದಿಗೆ ಕಬ್ಬಿಣದ ಹಲಗೆ ಇಟ್ಟು, ಗೋಡೆ ಪೂರ್ತಿ ತೂರುವ ಉದ್ದದ ಬೋಲ್ಟು ಹಾಕಿ ಪೆಟ್ಟಿಗೆಯ ಒಳಗಿನಿಂದ ಬಿಗಿಸಿದೆ. ಕಾಂಕ್ರೀಟ್ ಮನೆಯವರಿಗೆ ಈ ಪೇಚಾಟವಿಲ್ಲ.

ಮಳೆಗಾಲದ ಪಾಠ ಬೇರೆ. ಜೂನ್ ತಿಂಗಳಲ್ಲಿ ಮುಚ್ಚಿಟ್ಟ ಕೋವಿಯನ್ನು ಆಗಸ್ಟಿನಲ್ಲಿ ತೆಗೆದರೆ ನಳಿಗೆಯ ಮೇಲೆ ಕಂದು ಚುಕ್ಕಿ. ಬಟ್ಟೆಯ ಚೀಲದಲ್ಲಿ ಸುತ್ತಿ ಇಟ್ಟಿದ್ದೇ ತಪ್ಪು, ಅದು ತೇವ ಹೀರಿ ಹಿಡಿದುಕೊಳ್ಳುತ್ತದೆ. ಅಜ್ಜ ಕೋವಿಯನ್ನು ಒಲೆ ಇದ್ದ ಕೋಣೆಯ ಗೋಡೆಗೆ ಯಾಕೆ ತೂಗುಹಾಕುತ್ತಿದ್ದರೆಂದು ಆಗ ಅರ್ಥವಾಯಿತು. ತುಕ್ಕಿನ ಮಟ್ಟಿಗೆ ಅಜ್ಜನ ಜಾಗವೇ ಒಳ್ಳೆಯದು, ಕಳ್ಳನ ಮಟ್ಟಿಗೆ ಅದಕ್ಕಿಂತ ಕೆಟ್ಟದ್ದಿಲ್ಲ. ಈಗ ಚೀಲ ಬಿಟ್ಟಿದ್ದೇನೆ. ಎಣ್ಣೆ ಸವರಿ, ಪೆಟ್ಟಿಗೆಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಹದಿನೈದು ದಿನಕ್ಕೊಮ್ಮೆ ಪೊಟ್ಟಣಗಳನ್ನು ಒಲೆಯ ಬಳಿ ಒಣಗಿಸುತ್ತೇನೆ.

ಇನ್ನೊಂದು ದಾರಿ ಕೋವಿಯನ್ನು ಮನೆಯಲ್ಲೇ ಇಡದಿರುವುದು. ಮಗಳ ಬಾಣಂತನಕ್ಕೆಂದು ನಾಲ್ಕು ತಿಂಗಳು ಹೊರದೇಶಕ್ಕೆ ಹೋದಾಗ, ಕೋವಿ ಮಾರುವ ಪರವಾನಗಿ ಇರುವ ಅಂಗಡಿಯಲ್ಲಿ ಅದನ್ನು ಠೇವಣಿ ಇಟ್ಟೆವು. ಕಾಯ್ದೆಯಲ್ಲಿ ಇದಕ್ಕೆ ಅವಕಾಶವಿದೆ, ಠಾಣೆಯಲ್ಲೂ ಇಡಬಹುದು. ಕೋವಿಯ ನಂಬರ್ ಬರೆದ ರಸೀದಿ ಕೊಟ್ಟರು, ತಿಂಗಳ ಬಾಡಿಗೆ ಹೆಚ್ಚೇನಲ್ಲ. ಮನೆಯಲ್ಲಿ ಯಾರೂ ಇಲ್ಲದ ದಿನಗಳಿಗೆ ಇದರ ಮುಂದೆ ಮೇಲೆ ಹೇಳಿದ ಯಾವುದೂ ನಿಲ್ಲದು. ನಾಲ್ಕು ತಿಂಗಳು ನಿದ್ದೆ ಚೆನ್ನಾಗಿ ಬಂತು. ಆದರೆ ಎರಡು ದಿನದ ಮದುವೆಗೆ ಯಾರು ಅಲ್ಲಿಗೆ ಓಡಾಡುತ್ತಾರೆ? ಮನೆ ಖಾಲಿಯಾಗುವುದೇ ಅಂಥ ದಿನಗಳಲ್ಲಿ.

ಆ ಎರಡು ದಿನಗಳಿಗಾಗಿಯೇ ಬಿಸಾಡದೆ ಉಳಿದ ಡಿಜಿಟಲ್ ಲಾಕರ್ ನೆರವಿಗೆ ಬಂತು. ಜೋಡಿ ನಳಿಗೆಯ ಕೋವಿ ಮೂರು ತುಂಡಾಗಿ ಬಿಚ್ಚಿಕೊಳ್ಳುತ್ತದೆ: ನಳಿಗೆ, ಯಂತ್ರವಿರುವ ಹಿಡಿ, ನಳಿಗೆಯ ಕೆಳಗೆ ಕಚ್ಚುವ ಸಣ್ಣ ಮರದ ತುಂಡು. ತೋಟಾ ಸಿಡಿಸುವ ಸುತ್ತಿಗೆ ಹೊರಗೆ ಕಾಣದ ಬಹುಪಾಲು ಕೋವಿಗಳಲ್ಲಿ, 1875ರ ಆ್ಯನ್ಸನ್ ಮತ್ತು ಡೀಲಿ ಪೇಟೆಂಟಿನ ಮಾದರಿಯವುಗಳಲ್ಲಿ, ನಳಿಗೆ ಬಗ್ಗಿಸಿದಾಗ ಒಳಗಿನ ಸುತ್ತಿಗೆಗಳನ್ನು ಎಳೆದು ಸಜ್ಜು ಮಾಡುವುದು ಆ ಸಣ್ಣ ತುಂಡೇ. ಅದಿಲ್ಲದಿದ್ದರೆ ಕೋವಿ ಸಜ್ಜಾಗುವುದಿಲ್ಲ. ಅಂಗೈಗಿಂತ ಸ್ವಲ್ಪ ಉದ್ದದ ಅದು ಹದಿನೇಳು ಇಂಚಿನ ಲಾಕರಿನಲ್ಲಿ ಆರಾಮವಾಗಿ ಕೂರುತ್ತದೆ, ಪಕ್ಕದಲ್ಲಿ ತೋಟಾಗಳ ಡಬ್ಬ. ದೊಡ್ಡ ಪೆಟ್ಟಿಗೆ ಒಡೆದವನಿಗೆ ಸಿಗುವುದು ಸುಲಭವಾಗಿ ಸಿಡಿಯದ ಎರಡು ತುಂಡು. ಸುತ್ತಿಗೆ ಹೊರಗಿರುವ ಹಳೆಯ ಕೋವಿಗೆ ಈ ಉಪಾಯ ಸಾಲದು, ಅಂಥ ಕೋವಿ ಇರುವವರು ನಳಿಗೆಯನ್ನೇ ಬೇರೆ ಕಡೆ ಬೀಗ ಹಾಕಿ ಇಡಬೇಕು.

ದುಡ್ಡು ಒಂದಕ್ಕೇ ಸಾಕಾಗುವಷ್ಟಿದ್ದರೆ ವೆಲ್ಡಿಂಗ್ ಅಂಗಡಿಗೆ ಹೋಗಿ ಎನ್ನುತ್ತೇನೆ. ಅಷ್ಟೂ ಇಲ್ಲದಿದ್ದರೆ ಕೋವಿಯನ್ನು ಬಿಚ್ಚಿ ಬೇರೆ ಬೇರೆ ಕೋಣೆಯಲ್ಲಿಡಿ, ಅದಕ್ಕೆ ಕಾಸಿನ ಖರ್ಚಿಲ್ಲ. ಕೋವಿಯ ನಂಬರ್, ಎರಡೂ ಬದಿಯ ಫೋಟೋ ಫೋನಿನಲ್ಲಿ ಇರಲಿ. ಅಣ್ಣನಿಗೆ ಠಾಣೆಯಲ್ಲಿ ನಂಬರ್ ನೆನಪಾಗದೆ, ದಾಖಲೆ ಹುಡುಕಲು ಎರಡು ದಿನ ಹೋಯಿತು.

ಕೀಲಿಯ ಪ್ರಶ್ನೆ ಮಾತ್ರ ನಮ್ಮ ಮನೆಯಲ್ಲಿ ಇನ್ನೂ ಜಗಳದ ವಿಷಯ. ಪೆಟ್ಟಿಗೆಯ ಕೀಲಿ ನನ್ನ ಜೇಬಿನಲ್ಲಿ, ಲಾಕರಿನ ಅಂಕಿ ಹೆಂಡತಿಯ ತಲೆಯಲ್ಲಿ. "ನೀವು ತೋಟದಲ್ಲಿ ಕೀಲಿ ಬೀಳಿಸಿಕೊಂಡ್ರೆ?" ಎನ್ನುತ್ತಾಳೆ. ಎರಡನೇ ಕೀಲಿಯನ್ನು ಬ್ಯಾಂಕ್ ಲಾಕರಿನಲ್ಲಿ ಇಟ್ಟಿದ್ದೇನೆ, ಭರಣಿಯ ಹಿಂದೆ ಅಲ್ಲ.

ಕಳೆದ ಸೆಪ್ಟೆಂಬರ್ 3ರಂದು ನಮ್ಮ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್‌ಗೆ ಮನೆ ತುಂಬ ನೆಂಟರು. ಕೋವಿಯನ್ನು ಜೋಡಿಸಿ ದೇವರ ಕೋಣೆಯಲ್ಲಿಟ್ಟು, ನಳಿಗೆಯ ಬಾಯಿಗೆ ತೋಕ್‌ಪೂ, ಎಂದರೆ ಕೋವಿ ಹೂವು, ಸಿಕ್ಕಿಸಿ ಪೂಜೆ ಮಾಡಿದೆವು. ಸಂಜೆ ಎಲ್ಲರೂ ಹೊರಟ ಮೇಲೆ ತೋಟಾ ಎಣಿಸಿ, ಸಣ್ಣ ತುಂಡು ಕಳಚಿ ಲಾಕರಿಗೆ, ಉಳಿದದ್ದು ಪೆಟ್ಟಿಗೆಗೆ, ಎರಡೆರಡು ಸಲ ಬೀಗ ಎಳೆದು ನೋಡಿ ಮಲಗಿದೆ. ಹದಿನೈದು ದಿನ ಬಿಟ್ಟು ಪೊಟ್ಟಣ ಬದಲಿಸಲು ತೆರೆದರೆ ಹೂವು ನಳಿಗೆಯ ಬಾಯಲ್ಲೇ ಇತ್ತು. ಒಣಗಿದ ದಂಟನ್ನು ಎಳೆದು ತೆಗೆದ ಜಾಗದಲ್ಲಿ ಕಾಳುಮೆಣಸಿನಷ್ಟು ತುಕ್ಕು.