ನಲ್ಲಿಯ ಬಾಯಿಗೊಂದು ಬಿಲ್ಲೆ: ಎರಡು ವರ್ಷದ ಅನುಭವ

2024ರ ಬೇಸಿಗೆಯಲ್ಲಿ ಬೆಂಗಳೂರಿನ ನಮ್ಮ ಲೆಕ್ಕಪತ್ರ ಕಚೇರಿಯ ನವೀಕರಣ ಅರ್ಧಕ್ಕೆ ಬಂದಿದ್ದಾಗ ಕಟ್ಟಡದ ಕೊಳವೆಬಾವಿ ಕೈಕೊಟ್ಟಿತು. ಟ್ಯಾಂಕರಿನವನು ಫೋನ್ ಎತ್ತುತ್ತಿರಲಿಲ್ಲ. ಅದೇ ಮಾರ್ಚ್‌ನಲ್ಲಿ ಜಲಮಂಡಳಿಯು ವಾಣಿಜ್ಯ ಕಟ್ಟಡಗಳ ನಲ್ಲಿಗಳಿಗೆ ನೀರು ಉಳಿಸುವ ಏರೇಟರ್ ಕಡ್ಡಾಯ ಮಾಡಿತು. ಹೆದರಿಕೆಯೋ ಹುಮ್ಮಸ್ಸೋ, ಏರೇಟರ್ ಜೊತೆಗೆ ಫ್ಲಶ್ ಬೇಡದ ನೀರಿಲ್ಲದ ಮೂತ್ರಾಲಯ, ಶಹಾಬಾದ್ ಕಲ್ಲಿನ ನೆಲ, ಬಿದಿರಿನ ಹಲಗೆಯ ಮೇಜು ಎಲ್ಲವನ್ನೂ ಹಾಕಿಸಿದೆವು.

ಕೊಟ್ಟ ಹಣಕ್ಕೆ ಸರಿಯಾಗಿ ದುಡಿದದ್ದು ಏರೇಟರ್ ಒಂದೇ. ನಲ್ಲಿಯ ಬಾಯಿಗೆ ತಿರುಗಿಸಿ ಕೂರಿಸುವ ಜರಡಿಯಂಥ ಬಿಲ್ಲೆ ಅದು. ನೀರಿಗೆ ಗಾಳಿ ಬೆರೆಸುವುದರಿಂದ ಧಾರೆ ತೆಳುವಾದರೂ ಕೈಗೆ ತುಂಬಿದಂತೆ ಅನಿಸುತ್ತದೆ. ಮೊಬೈಲಿನಲ್ಲಿ ಸಮಯ ನೋಡಿ ಅಳೆದೆ. 10 ಲೀಟರ್ ಬಕೆಟ್ ಮೊದಲು 50 ಸೆಕೆಂಡಿನಲ್ಲಿ ತುಂಬುತ್ತಿತ್ತು, ಬಿಲ್ಲೆ ಕೂರಿಸಿದ ಮೇಲೆ 3 ನಿಮಿಷ 20 ಸೆಕೆಂಡು ಹಿಡಿಯಿತು. ಅಂದರೆ ನಿಮಿಷಕ್ಕೆ 12 ಲೀಟರ್ ಇದ್ದದ್ದು 3 ಲೀಟರಿಗೆ ಇಳಿಯಿತು. ಕೈ ತೊಳೆಯುವವರು ಯಾರೂ ದೂರಲಿಲ್ಲ.

ದೂರಿದ್ದು ನೆಲ ಒರೆಸುವ ಅಮ್ಮ. ಒಂದು ಬೆಳಿಗ್ಗೆ ಬೇಗ ಬಂದಾಗ ನೋಡಿದರೆ ಬಿಲ್ಲೆ ಕಳಚಿ ಬೇಸಿನ್ನಿನ ಅಂಚಿನಲ್ಲಿ ಕೂತಿತ್ತು, ನೀರು ಮೊದಲಿನಂತೆಯೇ ಭೋರ್ಗರೆಯುತ್ತಿತ್ತು. "ಸಾರ್, ಇದರಲ್ಲಿ ಬಕೆಟ್ ತುಂಬುವಷ್ಟರಲ್ಲಿ ನಾನು ಎರಡು ಕೋಣೆ ಒರೆಸಿರುತ್ತೇನೆ" ಎಂದರು. ಅವರ ಮಾತು ನ್ಯಾಯವಾಗಿತ್ತು. ಬಕೆಟ್ ತುಂಬುವ ಕಡೆ ಬೇಕಾದದ್ದು ಅಷ್ಟೇ ನೀರು, ಅಲ್ಲಿ ಬಿಲ್ಲೆಯಿಂದ ಉಳಿತಾಯವೇನೂ ಇಲ್ಲ. ಕೆಳಗಿನ ಒಂದು ನಲ್ಲಿಯನ್ನು ಅವರಿಗಾಗಿ ಹಾಗೆಯೇ ಬಿಟ್ಟೆವು. ಆಮೇಲೆ ಯಾವ ಬಿಲ್ಲೆಯೂ ಕಳಚಲಿಲ್ಲ.

ಒಂದು ಎಚ್ಚರಿಕೆ. ನಮ್ಮದು ಗಡಸು ನೀರು. ಎರಡು ಮೂರು ತಿಂಗಳಿಗೆ ಜರಡಿಯ ಕಣ್ಣುಗಳಲ್ಲಿ ಬಿಳಿ ಸುಣ್ಣ ಕಟ್ಟಿಕೊಂಡು ಧಾರೆ ಅಡ್ಡಡ್ಡ ಚಿಮ್ಮುತ್ತದೆ. ಅಂಗಿ ಒದ್ದೆಯಾದವರು ಏರೇಟರನ್ನೇ ಬೈಯುತ್ತಾರೆ. ಬಿಚ್ಚಿ ರಾತ್ರಿಯಿಡೀ ವಿನೆಗರಿನಲ್ಲಿ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದರೆ ಸಾಕು. ಒಳಗಿನ ರಬ್ಬರ್ ವಾಷರ್ ಚರಂಡಿಗೆ ಜಾರದಂತೆ ನೋಡಿಕೊಳ್ಳಿ. ನಾನು ಎರಡು ಕಳೆದಿದ್ದೇನೆ.

ಶಹಾಬಾದ್ ಕಲ್ಲು ನಮ್ಮ ಕಲಬುರಗಿ ಕಡೆಯದು, ದೂರದೇಶದ ಅಮೃತಶಿಲೆಗಿಂತ ಮೇಲು ಎಂದು ಒರಟು ಮುಖದ್ದನ್ನೇ ಆರಿಸಿದೆವು. ಚೆಲುವಾಗಿದೆ, ಬೇಸಿಗೆಯಲ್ಲಿ ತಂಪು. ಆದರೆ ಒರಟು ಮುಖದಲ್ಲಿ ಧೂಳು ಕೂತರೆ ಒರೆಸಿದರೆ ಹೋಗುವುದಿಲ್ಲ, ತೊಳೆಯಲೇ ಬೇಕು. ನಲ್ಲಿಯಲ್ಲಿ ಉಳಿಸಿದ್ದನ್ನು ನೆಲ ಕುಡಿಯಿತು. ಆರು ತಿಂಗಳು ತಡೆದು ಪಾಲಿಶ್ ಮಾಡಿಸಿದೆವು. ಈಗ ಎಸಿ ಕೊಳವೆಯಿಂದ ತೊಟ್ಟಿಕ್ಕುವ ನೀರನ್ನು ಡ್ರಮ್ಮಿನಲ್ಲಿ ಹಿಡಿದು ಅದರಿಂದಲೇ ಒರೆಸುತ್ತೇವೆ. ಆ ನೀರಿನಲ್ಲಿ ಲವಣವಿಲ್ಲ, ಹಾಗಾಗಿ ಕಲ್ಲಿನ ಮೇಲೆ ಬಿಳಿ ಕಲೆಯೂ ಉಳಿಯುವುದಿಲ್ಲ.

ಬಿದಿರು ಚಾಪೆಯನ್ನು ಒತ್ತಿ ಮಾಡಿದ ಹಲಗೆಯ ಮೇಜುಗಳು ಗಟ್ಟಿ. ಕಾಫಿ ಚೆಲ್ಲಿದರೂ ಉಬ್ಬಿಲ್ಲ. ಅಂಚಿಗೆ ಬೀಡಿಂಗ್ ಹೊಡೆಸದಿದ್ದರೆ ಸಿಬಿರೆದ್ದು ತೋಳು ಸಿಕ್ಕಿಕೊಳ್ಳುತ್ತದೆ, ಅಷ್ಟೇ.

ಇನ್ನು ನೀರಿಲ್ಲದ ಮೂತ್ರಾಲಯ. ಅದರ ತಳದಲ್ಲಿ ಕೂರುವ, ಬದಲಿಸಬಹುದಾದ ಡಬ್ಬಿಯಂಥ ಕಾರ್ಟ್ರಿಜ್‌ನಲ್ಲಿ ತೇಲುವ ಎಣ್ಣೆಯಂಥ ದ್ರವದ ಪದರವೇ ವಾಸನೆಯನ್ನು ಕೆಳಗೆ ತಡೆಯುವುದು. ಬಕೆಟ್ ನೀರು ಸುರಿದು ಫಿನಾಯಿಲ್ ಹಾಕಿ ತೊಳೆದರೆ ಆ ಪದರ ಕೊಚ್ಚಿಹೋಗುತ್ತದೆ. ಮಾರಿದವರು ಇದನ್ನು ನನಗೆ ಹೇಳಿದ್ದರು, ತೊಳೆಯುವವರಿಗೆ ಹೇಳಿರಲಿಲ್ಲ. ನಾನೂ ಹೇಳಲಿಲ್ಲ. ಮೂರನೆಯ ತಿಂಗಳಿಗೆ ಕಾರಿಡಾರಿನಲ್ಲಿ ಮೂಗು ಮುಚ್ಚಿಕೊಂಡು ಓಡಾಡಿದೆವು. ಹೊಸ ಕಾರ್ಟ್ರಿಜ್ ಕೇಳಿದರೆ ಇವತ್ತು, ನಾಳೆ ಎಂದು ಐದು ವಾರ ತಳ್ಳಿದರು. ಕಡೆಗೆ ಕಿತ್ತು, ಕಡಿಮೆ ನೀರಿನ ಸಾಮಾನ್ಯ ಬೋಗುಣಿ ಕೂರಿಸಿದೆವು. ಹಳೆಯದು ಮೆಟ್ಟಿಲ ಕೆಳಗೆ ಹಾಗೆಯೇ ಇದೆ. ಬೇಕಾದವರು ಉಚಿತವಾಗಿ ಒಯ್ಯಬಹುದು, ಕಾರ್ಟ್ರಿಜ್ ಮಾತ್ರ ನೀವೇ ಹುಡುಕಿಕೊಳ್ಳಬೇಕು.