ದೀಪ ಹಿಡಿದ ಹೆಣ್ಣು: ಆಯಿಲ್‌ನಲ್ಲೋ, ವಾಟರ್ ಕಲರ್‌ನಲ್ಲೋ?

ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಈ ಚಿತ್ರ ನೋಡಿದವರಿಗೆ ಹೆಚ್ಚು ಹೇಳಬೇಕಿಲ್ಲ. ದೀಪಕ್ಕೆ ಕೈ ಅಡ್ಡ ಹಿಡಿದ ಹೆಣ್ಣು, ಬೆರಳುಗಳಲ್ಲಿ ಕೆಂಪಗೆ ಬೆಳಕು. ರವಿವರ್ಮನ ಚಿತ್ರ ಅಂತ ಈಗಲೂ ಎಷ್ಟೋ ಜನ ಹೇಳುತ್ತಾರೆ, ಅಲ್ಲ. ಎಸ್.ಎಲ್. ಹಲ್ದಂಕರ್ (1882–1968) ತಮ್ಮ ಮಗಳನ್ನೇ ನಿಲ್ಲಿಸಿಕೊಂಡು ಬರೆದದ್ದು, ಅದೂ ವಾಟರ್ ಕಲರ್‌ನಲ್ಲಿ!

ಬೆಳಕು-ನೆರಳು ಕಲಿಯೋಕೆ ಅಂತ ನಾನು ಇದನ್ನು ಎರಡು ಸಲ ನಕಲು ಮಾಡಿದೆ, ಮೊದಲು ಆಯಿಲ್‌ನಲ್ಲಿ, ಆಮೇಲೆ ವಾಟರ್ ಕಲರ್‌ನಲ್ಲಿ. ನಡುವೆ ಅಕ್ರಿಲಿಕ್ ಕೂಡ ಹಿಡಿದೆ. ಕೆನ್ನೆಯ ಬಣ್ಣ ಬೆರೆಸುವ ಮೊದಲೇ ಒಣಗುತ್ತಿತ್ತು, ಬಿಟ್ಟೆ.

ಮುಖಕ್ಕೆ ಆಯಿಲ್ ತುಂಬಾ ಅನುಕೂಲ. ಬಣ್ಣ ದಿನಗಟ್ಟಲೆ ಹಸಿ ಇರುತ್ತದೆ, ಗಲ್ಲದ ಕೆಳಗಿಂದ ಏರುವ ಬೆಳಕನ್ನು ಒಣ ಬ್ರಷ್‌ನಲ್ಲಿ ನಿಧಾನವಾಗಿ ನೆರಳಿಗೆ ಸೇರಿಸಬಹುದು, ತಪ್ಪಾದರೆ ಬಟ್ಟೆಯಲ್ಲಿ ಒರೆಸಿ ಮತ್ತೆ ಹಚ್ಚಬಹುದು. ಆದರೆ ಬೆರಳುಗಳಿಗೆ ಬಂದಾಗ ಸೋತೆ. ಹೊಳಪು ಬರಲಿ ಅಂತ ಬಿಳಿ ಬೆರೆಸಿದಷ್ಟೂ ಕೈ ಸುಣ್ಣ ಬಳಿದ ಹಾಗೆ ಕಾಣುತ್ತಿತ್ತು. ಕೊನೆಗೆ ತಿಳಿ ಹಳದಿ ಹಚ್ಚಿ, ಅದು ಒಣಗಲು ವಾರ ಕಾದು, ಮೇಲೆ ಲಿನ್‌ಸೀಡ್ (ಅಗಸೆ) ಎಣ್ಣೆಯಲ್ಲಿ ತೆಳುವಾಗಿ ಕೆಂಪು ಎಳೆದ ಮೇಲೆ ಸ್ವಲ್ಪ ಸರಿಹೋಯಿತು.

ವಾಟರ್ ಕಲರ್‌ನಲ್ಲಿ ಬಿಳಿ ಅಂದರೆ ಬಣ್ಣ ಹಚ್ಚದೆ ಬಿಟ್ಟ ಕಾಗದವೇ, ಹಾಗಾಗಿ ಬೆಳಕು ಎಲ್ಲಿರಬೇಕು ಅನ್ನೋದು ಮೊದಲ ದಿನವೇ ತೀರ್ಮಾನ ಆಗಿರಬೇಕು. ಇದಕ್ಕೆ ರಾತ್ರಿ ಲೈಟ್ ಆರಿಸಿ ಮೊಬೈಲ್ ಟಾರ್ಚನ್ನು ನನ್ನ ಬೆರಳುಗಳ ಹಿಂದೆ ಹಿಡಿದು ನೋಡಿದೆ. ಅಂಚಿನಲ್ಲಿ, ಬೆರಳು ಬೆರಳು ಸೇರುವ ಕಡೆ ಕೆಂಪು ಜಾಸ್ತಿ, ನಡುವೆ ಮಂದ. ಅಲ್ಲಿವರೆಗೆ ನಾನು ಇಡೀ ಬೆರಳಿಗೆ ಒಂದೇ ಕೆಂಪು ಹಚ್ಚುತ್ತಿದ್ದೆ! 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ ದಪ್ಪ) ಕಾಟನ್ ಪೇಪರ್ ಮೇಲೆ ಹಳದಿ, ಒಣಗಿದ ಮೇಲೆ ಕಿತ್ತಳೆ, ಅದೂ ಒಣಗಿದ ಮೇಲೆ ಅಂಚಿಗೆ ಮಾತ್ರ ಕ್ರಿಮ್ಸನ್ (ಕಡುಗೆಂಪು). ಕೆಳಗಿನ ಕಾಗದದ ಬೆಳಕು ಮೂರೂ ಪದರ ದಾಟಿ ಬರುತ್ತದೆ, ಆಯಿಲ್‌ನಲ್ಲಿ ನಾನು ವಾರಗಟ್ಟಲೆ ಹುಡುಕಿದ್ದು ಇದನ್ನೇ. ತಪ್ಪಿದರೆ ಮಾತ್ರ ಕಷ್ಟ, ಕ್ರಿಮ್ಸನ್ ಕಾಗದಕ್ಕೆ ಹಿಡಿದರೆ ಎಷ್ಟು ಉಜ್ಜಿದರೂ ಪೂರ್ತಿ ಹೋಗಲ್ಲ, ಎರಡು ಹಾಳೆ ಹಾಗೇ ಹೋದವು.

ಈ ಒಂದು ಚಿತ್ರಕ್ಕೆ ನನ್ನ ಆಯ್ಕೆ ವಾಟರ್ ಕಲರ್, ಅನುಮಾನವೇ ಇಲ್ಲ. ಮುಖದ ಮಾಂಸಲತೆ ಕಲಿಯಬೇಕಾದರೆ ಆಯಿಲ್ ಹಿಡಿಯಿರಿ. ಶುರು ಮಾಡುವವರು ಇಡೀ ಚಿತ್ರಕ್ಕೆ ಕೈ ಹಾಕದೆ ಆ ಒಂದು ಕೈಯನ್ನಷ್ಟೇ ನಾಲ್ಕೈದು ಸಲ ಬರೆಯಿರಿ, ಸುತ್ತಲಿನ ಕತ್ತಲನ್ನು ಧೈರ್ಯವಾಗಿ ಗಾಢ ಮಾಡಿ. ನನ್ನ ಮೊದಲ ಹಾಳೆಯಲ್ಲಿ ಕತ್ತಲು ತೆಳುವಾಗಿತ್ತು, ದೀಪ ಉರಿಯಲೇ ಇಲ್ಲ.