ನೇರ ನಿಗದಿತ ಅವಧಿಯ ಕೆಲಸವೋ, ಗುತ್ತಿಗೆದಾರರಡಿಯ ಕೆಲಸವೋ?

ಪೀಣ್ಯದಂಥ ಕೈಗಾರಿಕಾ ಪ್ರದೇಶದಲ್ಲಿ, ಲೋಹದ ಹಾಳೆ ಒತ್ತಿ ಬಿಡಿಭಾಗ ಮಾಡುವ ಒಂದೇ ಪ್ರೆಸ್ ಲೈನಿನಲ್ಲಿ, ಕಂಪನಿಯೇ ನಿಗದಿತ ಅವಧಿಗೆ ನೇಮಿಸಿದವರೂ ಗುತ್ತಿಗೆದಾರರು ಕಳಿಸಿದವರೂ ಇರುತ್ತಾರೆ. ಇಬ್ಬರದೂ ತಾತ್ಕಾಲಿಕ ಕೆಲಸವೇ, ಆದರೆ ಹುಮ್ಮಸ್ಸು ಬೇರೆ ಬೇರೆ.

ಕಂಪನಿಯೇ ನೇಮಕಾತಿ ಪತ್ರ ಕೊಟ್ಟಿದ್ದರೆ ಅದೇ ಕೆಲಸದ ಕಾಯಂ ನೌಕರರಷ್ಟೇ ಸಂಬಳ, ಸೌಲಭ್ಯ ಸಿಗಬೇಕು. 2020ರ ಸಾಮಾಜಿಕ ಭದ್ರತಾ ಸಂಹಿತೆ ಪ್ರಕಾರ 5 ವರ್ಷ ಕಾಯದೆ, ಒಂದು ವರ್ಷ ಮುಗಿಸಿದರೆ ಗ್ರಾಚ್ಯುಟಿಯೂ (ಕೆಲಸ ಬಿಡುವಾಗ ಸಿಗುವ ಇಡಿಗಂಟು) ಉಂಟು. ಕಾಯಂ ಆಗುವ ಆಸೆ ನಿಜವಾದದ್ದಾದರೆ ಜನ ಮನಸ್ಸಿಟ್ಟು ಕಲಿಯುತ್ತಾರೆ. ಕೆಡುವುದು ಕೊನೆಯ ತಿಂಗಳುಗಳಲ್ಲಿ: ನವೀಕರಣದ ಮಾತೇ ಇಲ್ಲದಿದ್ದರೆ ಗಮನ ಬೇರೆ ಇಂಟರ್‌ವ್ಯೂಗಳತ್ತ ಹೋಗುತ್ತದೆ. ಅದಕ್ಕೆ ಕೆಲಸಗಾರರನ್ನು ದೂರುವಂತಿಲ್ಲ.

ಗುತ್ತಿಗೆದಾರರಡಿ ಕೆಲಸ ಬೇಗ ಸಿಗುತ್ತದೆ, ಲಾಭ ಅಷ್ಟೇ. ಕೆಲಸ ಹೇಳುವವರು ಒಬ್ಬರು, ಸಂಬಳ ಕೊಡುವವರು ಇನ್ನೊಬ್ಬರು. ಚೆನ್ನಾಗಿ ಮಾಡಿದ್ದು ಸಂಬಳ ಕೊಡುವವರ ಕಣ್ಣಿಗೆ ಬೀಳುವುದೇ ಇಲ್ಲ. ಡೈ (ಪೀಸಿಗೆ ಆಕಾರ ಕೊಡುವ ಅಚ್ಚು) ಸವೆದು ಪೀಸಿನ ಅಂಚು ಒರಟಾಗುತ್ತಿದ್ದರೂ ಬಾಯಿಬಿಡಲು ಹಿಂಜರಿಕೆ. ಲೈನ್ ನಿಲ್ಲಿಸಿದ ಹೆಸರು ಬಂದರೆ ನಾಳೆ ಗೇಟಿನಿಂದಲೇ ವಾಪಸ್ ಕಳಿಸುತ್ತಾರೆಂಬ ಭಯ. ಇದನ್ನು ಸೋಮಾರಿತನ ಎನ್ನುವುದು ಅನ್ಯಾಯ.

ಎರಡೂ ಕೈಯಲ್ಲಿದ್ದರೆ, ಸಂಬಳ ತುಸು ಕಡಿಮೆಯಾದರೂ ನೇರ ನೇಮಕಾತಿಯನ್ನೇ ಹಿಡಿಯಿರಿ. ಸಹಿ ಹಾಕುವ ಮುನ್ನ ಮುಗಿಯುವ ದಿನಾಂಕ ನೋಡಿ, ಕಳೆದ ವರ್ಷ ಎಷ್ಟು ಮಂದಿ ಕಾಯಂ ಆದರೆಂದು ಕೇಳಿ. ಗುತ್ತಿಗೆದಾರರಡಿಯೇ ಸೇರುವುದಾದರೆ ಪ್ರತಿ ತಿಂಗಳು ಪಿಎಫ್ ಪಾಸ್‌ಬುಕ್ ತೆರೆದು, ನಿಮ್ಮ 12% ಜೊತೆ ಮಾಲೀಕರ ಪಾಲೂ ಜಮೆಯಾಗಿದೆಯೇ ಪರೀಕ್ಷಿಸಿ. ಗುತ್ತಿಗೆದಾರ ಸಂಬಳ ಕೊಡದಿದ್ದರೆ ಕೊಡುವ ಹೊಣೆ ನೀವು ದುಡಿಯುವ ಮುಖ್ಯ ಕಂಪನಿಯದು.